ಭಯಾನಕದಲ್ಲಿ ಕರುಣ: ಸ್ವೀಡನ್ ದೇಶದ ಒಂದು ಚಲಚ್ಚಿತ್ರದ ವಿಮರ್ಶೆ

೧

ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕಕ್ಕೆ ಕವಿಗಳಿಂದ ದೊರೆತಿರುವ ಗೌರವ ಅಲ್ಪವಾದುದು. ಶೃಂಗಾರವನ್ನೋ ವೀರವನ್ನೋ ಕರುಣವನ್ನೋ ಅಂಗಿಯಾಗಿ ಉಳ್ಳ ಮಹಾಕೃತಿಗಳು ಬೇಕಾದಷ್ಟು ಉಂಟು. ಭಯಾನಕವಾದರೋ ಬಹುಮಟ್ಟಿಗೆ ಅಂಗವಾಗಿ, ಶ್ಮಶಾನದ ವರ್ಣನೆಯಲ್ಲಿಯೋ ಯುದ್ಧಭೂಮಿಯ ಚಿತ್ರದಲ್ಲಿಯೋ ಬಂದು ಹೋಗುವುದು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಭಯವು ಲೋಕದಲ್ಲಿ ಮನುಷ್ಯನನ್ನು ಕುಗ್ಗಿಸತಕ್ಕ ಭಾವ. ಅದನ್ನು ಆಸ್ವಾದಯೋಗ್ಯವನ್ನಾಗಿ ಮಾಡುವುದು ಸುಲಭವಲ್ಲ. ಅಭಿನವಗುಪ್ತನು ಈ ರಸದ ಅನುಭವವನ್ನು ವಿವರಿಸುವಾಗ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಮುಂದಿಟ್ಟನು. ಅಲ್ಲಿ ಹೆದರಿದ್ದು ಜಿಂಕೆ, ಸಹೃದಯನಲ್ಲ. ಬಾಣವು ತನಗೇ ತಾಗೀತೆಂದು ಪ್ರೇಕ್ಷಕನು ಎದ್ದು ಓಡಿದರೆ ಅದು ಲೌಕಿಕವಾದ ಭಯವೇ ಹೊರತು ರಸವಲ್ಲ. ಜಿಂಕೆಯ ಭಯವು ಯಾರೊಬ್ಬರದೂ ಅಲ್ಲದೆ, ಆದುದರಿಂದಲೇ ಎಲ್ಲರದೂ ಆಗಿ, ಸಾಧಾರಣೀಕರಣವನ್ನು ಹೊಂದಿದಾಗ ಮಾತ್ರ ಭಯಾನಕರಸವೆನಿಸಿಕೊಳ್ಳುವುದು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಭೀಕರವೆಂದು ಹೆಸರು ಹೊತ್ತು ಬರುವ ಚಲಚ್ಚಿತ್ರಗಳಲ್ಲಿ ಹೆಚ್ಚಿನವು ರಸದ ಬಾಗಿಲನ್ನು ತಟ್ಟುವುದೇ ಇಲ್ಲ. ಕತ್ತಲೆಯಲ್ಲಿ ಒಮ್ಮೆಗೇ ಒಂದು ಬಾಗಿಲು ಬಡಿಯುವುದು, ಕನ್ನಡಿಯಲ್ಲಿ ಒಂದು ಮುಖ ಮೂಡುವುದು, ವಾದ್ಯಗಳು ಕಿರುಚುವುವು. ನೋಡುವವನು ಬೆಚ್ಚುವನು, ಮರುಕ್ಷಣದಲ್ಲಿ ನಗುವನು, ಮನೆ ಸೇರುವ ಹೊತ್ತಿಗೆ ಮರೆಯುವನು. ಇದು ಶರೀರಕ್ಕೆ ಮಾಡಿದ ಚೇಷ್ಟೆ. ಹೃದಯಕ್ಕೆ ಮಾಡಿದ ನಿವೇದನೆಯಲ್ಲ. ಇಂತಹ ರಾಶಿಯ ನಡುವೆ ೨೦೦೮ರಲ್ಲಿ ಸ್ವೀಡನ್ ದೇಶದಿಂದ ಹೊರಟ ಒಂದು ಚಿತ್ರವು ಬೇರೆ ಜಾತಿಗೆ ಸೇರಿದುದು. ಅದರಲ್ಲಿ ಕೊಲೆಗಳುಂಟು, ರಕ್ತವುಂಟು, ಸತ್ತೂ ಸಾಯದ ಪ್ರಾಣಿಯುಂಟು. ಆದರೂ ನೋಡಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ಇವು ಯಾವುವೂ ಅಲ್ಲ. ಹಿಮ ಬಿದ್ದ ಅಂಗಳದಲ್ಲಿ ಒಬ್ಬನೇ ನಿಂತ ಒಬ್ಬ ಹುಡುಗ.

೨

ಈ ಚಿತ್ರದ ಮೂಲ ಹೆಸರು ‘ಲೋಟ್ ಡೆನ್ ರೆಟ್ಟೆ ಕೊಮ್ಮಾ ಇನ್’. ಇಂಗ್ಲಿಷಿನಲ್ಲಿ ಇದು ‘ಲೆಟ್ ದಿ ರೈಟ್ ಒನ್ ಇನ್’ ಎಂದು ಪ್ರಸಿದ್ಧವಾಗಿದೆ. ಕನ್ನಡದಲ್ಲಿ ‘ತಕ್ಕವನನ್ನು ಒಳಗೆ ಬಿಡು’ ಎನ್ನಬಹುದು. ಯೋನ್ ಐವಿಡೆ ಲಿಂಡ್‌ಕ್ವಿಸ್ಟ್ ಎಂಬ ಸ್ವೀಡಿಷ್ ಲೇಖಕನು ೨೦೦೪ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಮೂಲ. ಚಿತ್ರಕಥೆಯನ್ನೂ ಆತನೇ ಬರೆದನು. ನಿರ್ದೇಶಕ ತೋಮಸ್ ಆಲ್ಫ್ರೆಡ್‌ಸನ್. ಛಾಯಾಗ್ರಾಹಕ ಹೊಯ್ಟೆ ವಾನ್ ಹೊಯ್ಟೆಮಾ. ಸಂಗೀತ ಯೊಹಾನ್ ಸೋಡರ್‌ಕ್ವಿಸ್ಟ್‌ನದು. ೨೦೦೮ರ ಜನವರಿಯಲ್ಲಿ ಗೋಥೆನ್‌ಬರ್ಗ್ ನಗರದ ಚಿತ್ರೋತ್ಸವದಲ್ಲಿ ಮೊದಲ ಬಾರಿ ತೋರಿಸಲ್ಪಟ್ಟು, ಅದೇ ವರ್ಷ ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವದಲ್ಲಿ ಶ್ರೇಷ್ಠ ಕಥಾಚಿತ್ರವೆಂಬ ಬಹುಮಾನವನ್ನು ಪಡೆಯಿತು.

ಯೂರೋಪಿನವರು ವ್ಯಾಂಪೈರ್ ಎನ್ನುವ ಪ್ರಾಣಿಗೆ ಕನ್ನಡದಲ್ಲಿ ಸರಿಯಾದ ಮಾತಿಲ್ಲ. ಬೇತಾಳವೆಂದರೆ ಹೆಣವನ್ನು ಹೊಕ್ಕು ಮರಕ್ಕೆ ಜೋತು ಕಥೆ ಹೇಳುವುದೇ ನೆನಪಾಗುವುದು, ಪಿಶಾಚವು ಮಾಂಸಾಶಿ. ರಕ್ತವನ್ನೇ ಕುಡಿದು ಬದುಕುವುದಾದುದರಿಂದ ‘ರಕ್ತಪಾಯಿ’ ಎಂದು ಕರೆಯುವುದು ಹೊಂದುತ್ತದೆ. ಇದಕ್ಕೆ ಅಲ್ಲಿಯ ಜನರ ನಂಬಿಕೆಯೂ ಕವಿಗಳ ಕಲ್ಪನೆಯೂ ಸೇರಿ ಕೆಲವು ನಿಯಮಗಳನ್ನು ವಿಧಿಸಿವೆ: ಹಗಲಿನ ಬೆಳಕು ಅದಕ್ಕೆ ಮೃತ್ಯು, ಅದು ಕಚ್ಚಿ ಬಿಟ್ಟವನು ತಾನೂ ಅದೇ ಆಗುವನು, ಮನೆಯವರು ಬಾ ಎಂದು ಕರೆಯದೆ ಅದು ಹೊಸ್ತಿಲನ್ನು ದಾಟಲಾರದು. ಪಾಲಿಡೋರಿಯು ಬರೆದು ೧೮೧೯ರಲ್ಲಿ ಪ್ರಕಟವಾದ ಕಥೆಯಲ್ಲಿ ಈ ಪ್ರಾಣಿಯು ಸಭ್ಯಸಮಾಜದಲ್ಲಿ ಓಡಾಡುವ ಒಬ್ಬ ಪ್ರಭು, ಬ್ರಾಮ್ ಸ್ಟೋಕರ್ ೧೮೯೭ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ದಲ್ಲಿ ಬೆಟ್ಟದ ಮೇಲಣ ಕೋಟೆಯಲ್ಲಿರುವ ಶ್ರೀಮಂತ, ಮುರ್ನೌ ಎಂಬ ಜರ್ಮನ್ ನಿರ್ದೇಶಕನ ೧೯೨೨ರ ಮೂಕಚಿತ್ರ ‘ನೊಸ್ಫೆರಾಟು’ದಲ್ಲಿಯೂ ಅದೇ ವಂಶ. ಸಿರಿವಂತಿಕೆ, ಪುರಾತನತ್ವ, ವಶೀಕರಣ, ಈ ಮೂರೂ ರಕ್ತಪಾಯಿಯ ಲಕ್ಷಣಗಳೆಂದು ರೂಢಿಯಾದುವು.

ಲಿಂಡ್‌ಕ್ವಿಸ್ಟನು ಕೋಟೆಯನ್ನು ಕೆಡವಿದನು. ಆತನ ಕಥೆ ನಡೆಯುವುದು ಸ್ಟಾಕ್‌ಹೋಮಿನ ಪಶ್ಚಿಮದ ಬ್ಲಾಕೆಬೆರ್ಗ್ ಎಂಬ ಉಪನಗರದಲ್ಲಿ. ಆತನು ಬೆಳೆದ ಊರೂ ಅದೇ. ನಗರದ ಹೆಚ್ಚುವರಿ ಜನರಿಗಾಗಿ ಯೋಜನೆಯ ಪ್ರಕಾರ ಸುಮಾರು ೧೯೫೦ರ ಬಳಿಕ ಎಬ್ಬಿಸಿದ ಸಾಲು ಸಾಲಾದ ವಸತಿಮನೆಗಳು, ೧೯೫೨ರಲ್ಲಿ ಬಂದ ಭೂಗತ ರೈಲು, ಎಲ್ಲ ಮನೆಗೂ ಒಂದೇ ಬಗೆಯ ಬಾಗಿಲು. ಪುರಾತನವಾದುದು ಅಲ್ಲಿ ಏನೂ ಇಲ್ಲ. ಆದುದರಿಂದ ದೆವ್ವಕ್ಕೂ ಅಲ್ಲಿ ಸ್ಥಳವಿಲ್ಲವೆಂದು ಯಾರಾದರೂ ತಿಳಿಯಬಹುದು. ಅಂತಹ ಕಡೆಗೆ ೧೯೮೦ರ ದಶಕದ ಆರಂಭದ ಒಂದು ಚಳಿಗಾಲದ ರಾತ್ರಿ ಬಾಡಿಗೆಯ ಮೋಟಾರಿನಲ್ಲಿ ರಕ್ತಪಾಯಿಯು ಬಂದಿಳಿಯುತ್ತದೆ. ಅದು ಪ್ರಭುವಲ್ಲ, ಹನ್ನೆರಡು ವರ್ಷದ ಮಗುವಿನ ಆಕಾರ. ಹಸಿದಾಗ ಮೈ ನಾರುವುದು, ಹೊಟ್ಟೆ ಗುರುಗುಟ್ಟುವುದು, ಬಟ್ಟೆ ಹಳೆಯದು, ಚಳಿಯಿದ್ದರೂ ಮೇಲಂಗಿಯಿಲ್ಲ. ವಶೀಕರಣದ ವಿದ್ಯೆ ದೂರ ಉಳಿಯಿತು, ಹೊತ್ತಿನ ಊಟಕ್ಕೇ ಅದು ಪರದಾಡುತ್ತದೆ. ರಕ್ತಪಾಯಿಯನ್ನು ಬಡತನಕ್ಕೆ ಇಳಿಸಿದ ಈ ಒಂದು ಕಲ್ಪನೆಯಿಂದಲೇ ಹಳೆಯ ವಸ್ತು ಹೊಸದಾಯಿತು.

೩

ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಆಸ್ಕರ್ ಎಂಬ ಹನ್ನೆರಡು ವರ್ಷದ ಹುಡುಗನು ತಾಯಿಯೊಡನೆ ವಾಸಮಾಡುತ್ತಾನೆ. ತಂದೆಯು ಅವಳನ್ನು ಅಗಲಿ ಹಳ್ಳಿಯ ಕಡೆ ಇದ್ದಾನೆ. ಶಾಲೆಯಲ್ಲಿ ಕಾನಿ ಎಂಬವನೂ ಅವನ ಇಬ್ಬರು ಜತೆಗಾರರೂ ಆಸ್ಕರನನ್ನು ಹಂದಿಯೆಂದು ಹೀಯಾಳಿಸಿ ಹೊಡೆಯುತ್ತಾರೆ. ಒಮ್ಮೆ ಕೋಲಿನ ಏಟಿನಿಂದ ಕೆನ್ನೆ ಸೀಳಿದಾಗ ಅವನು ಬಿದ್ದು ಗಾಯವಾಯಿತೆಂದು ತಾಯಿಗೆ ಸುಳ್ಳು ಹೇಳುತ್ತಾನೆ. ಅವನ ಬಳಿ ಒಂದು ಚೂರಿಯುಂಟು. ಕೊಲೆಯ ಸುದ್ದಿಗಳನ್ನು ವೃತ್ತಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಒಂದು ಪುಸ್ತಕವುಂಟು. ರಾತ್ರಿ ಅಂಗಳದ ಮರಕ್ಕೆ ಚೂರಿಯಿಂದ ತಿವಿಯುತ್ತಿರುವಾಗ ಪಕ್ಕದ ಮನೆಗೆ ಹೊಸದಾಗಿ ಬಂದ ಏಲಿ ಎಂಬ ಮಗುವನ್ನು ಕಾಣುತ್ತಾನೆ. ತಾನು ನಿನಗೆ ಸ್ನೇಹಿತನಾಗಲಾರೆನೆಂಬುದೇ ಅದರ ಮೊದಲ ಮಾತುಗಳಲ್ಲಿ ಒಂದು. ಬಣ್ಣದ ಚೌಕಗಳ ಒಂದು ಒಗಟಿನ ಆಟಿಕೆಯನ್ನು ಆಸ್ಕರ್ ಕೊಡುತ್ತಾನೆ. ಅದನ್ನು ಏಲಿ ಬಿಡಿಸಿಡುತ್ತದೆ. ಅಲ್ಲಿಂದ ಗೆಳೆತನ ಬೆಳೆಯುತ್ತದೆ.

ಏಲಿಯ ಜತೆಗಿರುವ ಹೋಕನ್ ಎಂಬ ವಯಸ್ಸಾದ ಮನುಷ್ಯನು ಅದಕ್ಕಾಗಿ ಕೊಂದು ರಕ್ತವನ್ನು ಡಬ್ಬಿಯಲ್ಲಿ ತುಂಬಿ ತರತಕ್ಕವನು. ಅವನು ತನ್ನ ಕೆಲಸದಲ್ಲಿ ಎರಡು ಸಲ ವಿಫಲನಾಗುತ್ತಾನೆ. ಎರಡನೆಯ ಸಲ ಸಿಕ್ಕಿಬೀಳುವಾಗ ಗುರುತು ಸಿಗಬಾರದೆಂದು ತನ್ನ ಮುಖದ ಮೇಲೆ ತಾನೇ ದ್ರಾವಕವನ್ನು ಸುರಿದುಕೊಂಡು, ಆಸ್ಪತ್ರೆಯ ಕಿಟಕಿಗೆ ಬಂದ ಏಲಿಗೆ ತನ್ನ ಕೊರಳನ್ನೇ ಒಡ್ಡಿ ಸಾಯುತ್ತಾನೆ. ಏಲಿ ತಾನೇ ಬೇಟೆಗಿಳಿಯುತ್ತದೆ. ಊರಿನ ಕುಡುಕ ಗೆಳೆಯರ ಗುಂಪಿನಲ್ಲಿ ಒಬ್ಬನು ಸಾಯುತ್ತಾನೆ. ವರ್ಜೀನಿಯ ಎಂಬ ಹೆಂಗಸು ಕಚ್ಚಿಸಿಕೊಂಡು ಬದುಕುತ್ತಾಳೆ. ಅವಳ ಪ್ರಿಯನಾದ ಲಾಕೆ ಎಂಬವನು ಸೇಡನ್ನು ಹುಡುಕುತ್ತ ಏಲಿಯ ಮನೆಗೆ ಬಂದು ಅಲ್ಲಿಯೇ ಹತನಾಗುತ್ತಾನೆ. ಏಲಿ ಊರನ್ನು ಬಿಡುತ್ತದೆ. ಕಾನಿಯ ಅಣ್ಣನೂ ಜತೆಗಾರರೂ ಆಸ್ಕರನನ್ನು ಈಜುಕೊಳದಲ್ಲಿ ಮುಳುಗಿಸಿ ಕೊಲ್ಲುವ ಹಂತಕ್ಕೆ ತಂದಾಗ ಅದು ಮರಳಿ ಬಂದು ಅವನನ್ನು ಉಳಿಸುತ್ತದೆ. ಕಡೆಯಲ್ಲಿ ಆಸ್ಕರ್ ರೈಲಿನಲ್ಲಿ ಕುಳಿತು ಎಲ್ಲಿಗೋ ಹೊರಟಿದ್ದಾನೆ. ಪಕ್ಕದಲ್ಲಿ ಒಂದು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯೊಳಗಿಂದ ತಂತಿಯ ಸಂಕೇತದಲ್ಲಿ ಸಣ್ಣ ಮುತ್ತು ಎಂಬ ಅರ್ಥದ ಸ್ವೀಡಿಷ್ ಮಾತು ತಟ್ಟುವುದು ಕೇಳಿಸುತ್ತದೆ. ಅವನು ನಗುತ್ತ ಮರಳಿ ತಟ್ಟುತ್ತಾನೆ.

ಏಲಿಯನ್ನು ಇಲ್ಲಿ ‘ಅದು’ ಎಂದು ಹೇಳಿರುವುದು ಬೇಕೆಂದೇ. ತಾನು ಹುಡುಗಿಯಲ್ಲವೆಂದು ಏಲಿ ಆಸ್ಕರನಿಗೆ ಹೇಳುವುದುಂಟು. ಅದರ ಪೂರ್ವವೃತ್ತಾಂತವನ್ನು ಕಾದಂಬರಿಯು ವಿವರಿಸುತ್ತದೆ, ಚಿತ್ರವು ಸೂಚಿಸಿ ಬಿಟ್ಟುಬಿಡುತ್ತದೆ. ಮೂಲ ಶೀರ್ಷಿಕೆಯಲ್ಲಿರುವ ‘ರೆಟ್ಟೆ’ ಎಂಬುದು ಸ್ವೀಡಿಷ್ ವ್ಯಾಕರಣದಲ್ಲಿ ಪುಲ್ಲಿಂಗದ ರೂಪ. ಇಂಗ್ಲಿಷಿಗೆ ತಿರುಗಿದಾಗ ಆ ಸೂಚನೆ ಅಳಿಸಿಹೋಯಿತು, ಕನ್ನಡದ ‘ತಕ್ಕವನನ್ನು’ ಎಂಬ ಮಾತಿನಲ್ಲಿ ಉಳಿಯುತ್ತದೆ. ಕನ್ನಡದಲ್ಲಿ ಮಗುವಿಗೂ ‘ಅದು’, ದೆವ್ವಕ್ಕೂ ‘ಅದು’. ಏಲಿ ಎರಡೂ ಆಗಿರುವುದರಿಂದ ಈ ಸರ್ವನಾಮವು ಬೇರೆ ಯಾವ ಭಾಷೆಯ ಸರ್ವನಾಮಕ್ಕಿಂತಲೂ ಹೆಚ್ಚಾಗಿ ಅದಕ್ಕೆ ಒಪ್ಪುವುದು.

೪

ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ನಾಟ್ಯಶಾಸ್ತ್ರದ ಮತ. ರೌದ್ರದಿಂದ ಹುಟ್ಟುವುದು ಕರುಣ. ಈ ಚಿತ್ರದಲ್ಲಿ ಬೀಭತ್ಸದಿಂದ ನೇರವಾಗಿ ಕರುಣವು ಹುಟ್ಟುತ್ತದೆ. ಇದರ ವಿಶೇಷ ಸಿದ್ಧಿಯೇ ಇದು. ಒಂದು ಉದಾಹರಣೆ ಸಾಕು. ಆಸ್ಕರನು ಗೆಳೆತನವನ್ನು ಭದ್ರಪಡಿಸಲು ತನ್ನ ಅಂಗೈಯನ್ನು ಚೂರಿಯಿಂದ ಕೊಯ್ದುಕೊಂಡು, ಏಲಿಯೂ ಹಾಗೆಯೇ ಮಾಡಿ ರಕ್ತಕ್ಕೆ ರಕ್ತವನ್ನು ಬೆರೆಸಬೇಕೆಂದು ಕೈ ಚಾಚುತ್ತಾನೆ. ರಕ್ತವು ನೆಲಕ್ಕೆ ತೊಟ್ಟಿಕ್ಕುತ್ತದೆ. ಏಲಿ ನೆಲಕ್ಕೆ ಬಿದ್ದು ಅದನ್ನು ನೆಕ್ಕುತ್ತದೆ; ತಲೆಯೆತ್ತಿದಾಗ ಮುಖವು ಮಗುವಿನದಾಗಿ ಉಳಿದಿಲ್ಲ. ಓಡಿಹೋಗೆಂದು ಅವನಿಗೆ ಕೂಗಿ ಹೇಳಿ ತಾನೇ ಓಡಿಹೋಗುತ್ತದೆ. ಇಲ್ಲಿ ಜುಗುಪ್ಸೆಗೆ ಬೇಕಾದ ವಿಭಾವವೆಲ್ಲ ಇದೆ; ಆದರೆ ಸಹೃದಯನಿಗೆ ಆಗುವುದು ಹೇಸಿಗೆಯಲ್ಲ. ಸ್ನೇಹದ ಕುರುಹಾಗಿ ನೀಡಿದ ವಸ್ತುವೇ ಸ್ನೇಹವನ್ನು ಕೆಡಿಸುವ ವಸ್ತುವಾಯಿತಲ್ಲಾ ಎಂಬ ಶೋಕ. ಮಿಠಾಯಿಯ ಪ್ರಸಂಗವೂ ಇದೇ ತೂಕದ್ದು. ಆಸ್ಕರ್ ಕೊಂಡುಕೊಟ್ಟ ಮಿಠಾಯಿಯನ್ನು ಬೇಡವೆಂದ ಏಲಿ, ಅವನ ಮುಖ ಬಾಡಿದುದನ್ನು ನೋಡಿ ಒಂದನ್ನು ತಿಂದು, ಕಟ್ಟಡದ ಹಿಂದೆ ಹೋಗಿ ವಾಂತಿ ಮಾಡುತ್ತದೆ. ಒಬ್ಬ ಬಡ ಸ್ನೇಹಿತನ ದಾಕ್ಷಿಣ್ಯಕ್ಕೆ ಇದಕ್ಕಿಂತ ಒಳ್ಳೆಯ ಅನುಭಾವವನ್ನು ಕಲ್ಪಿಸುವುದು ಕಷ್ಟ.

ಭಯವನ್ನು ತೋರಿಸುವ ರೀತಿಯಲ್ಲಿ ನಿರ್ದೇಶಕನು ಔಚಿತ್ಯವನ್ನು ಎಲ್ಲಿಯೂ ಬಿಟ್ಟಿಲ್ಲ. ಹೋಕನ್ ಒಬ್ಬ ಯುವಕನನ್ನು ಮರಕ್ಕೆ ತಲೆಕೆಳಗಾಗಿ ಕಟ್ಟಿ ಕೊರಳು ಕೊಯ್ಯುವಾಗ ಒಂದು ಬಿಳಿಯ ನಾಯಿ ಬಂದು ಎದುರಿಗೆ ಕುಳಿತು ನೋಡುತ್ತದೆ. ಎಷ್ಟು ಅಟ್ಟಿದರೂ ಹೋಗುವುದಿಲ್ಲ. ಘೋರಕೃತ್ಯದ ನಡುವೆ ಹಾಸ್ಯವು ಇಣುಕಿ, ಆ ಹಾಸ್ಯದಿಂದಲೇ ಘೋರತ್ವ ಹೆಚ್ಚುತ್ತದೆ. ಏಕೆಂದರೆ ಕೊಲೆಯು ಅಲ್ಲಿ ಪಿಶಾಚಕೃತ್ಯವಾಗಿ ತೋರದೆ, ಒಬ್ಬ ದಣಿದ ಮನುಷ್ಯನ ಕೆಟ್ಟುಹೋದ ದಿನಗೆಲಸವಾಗಿ ತೋರುವುದು. ಕ್ಯಾಮರವು ಬಹುಕಾಲ ದೂರದಲ್ಲಿ ಅಲುಗದೆ ನಿಲ್ಲುವುದು. ಸೇತುವೆಯ ಕೆಳಗೆ ನಡೆಯುವ ಹತ್ಯೆಯು ದೂರದಿಂದ ಕಾಣುವುದು. ಚಳಿ ಮತ್ತು ಹಿಮಕ್ಕಾಗಿ ಚಿತ್ರದ ಹೆಚ್ಚಿನ ಭಾಗವನ್ನು ಉತ್ತರದ ಲೂಲಿಯೋ ಪಟ್ಟಣದಲ್ಲಿ ತೆಗೆದರು. ಆ ಶ್ರಮ ವ್ಯರ್ಥವಾಗಿಲ್ಲ. ಹಿಮವು ಇಲ್ಲಿ ಉದ್ದೀಪನವಿಭಾವ. ಅದು ಶಬ್ದವನ್ನು ನುಂಗುತ್ತದೆ. ಆದುದರಿಂದ ಉಸಿರಿನ ಸದ್ದು, ಹೊಟ್ಟೆಯ ಸದ್ದು, ಗೋಡೆಯ ಮೇಲೆ ಬೆರಳು ತಟ್ಟುವ ಸದ್ದು ದೊಡ್ಡದಾಗಿ ಕೇಳಿಸುತ್ತದೆ. ಏಕಾಕಿತನವನ್ನು ಬಾಯಿಂದ ಹೇಳಿಸದೆ ಕಿವಿಗೆ ತಲಪಿಸಿದ ಉಪಾಯವಿದು.

ಪಾತ್ರಧಾರಿಗಳಾದ ಇಬ್ಬರು ಬಾಲರ ವಿಷಯದಲ್ಲಿ ಎಷ್ಟು ಹೇಳಿದರೂ ಸಲ್ಲುವುದು. ಆಸ್ಕರನಾದ ಕೋರೆ ಹೇಡೆಬ್ರಾಂಟನ ಮುಖವು ಹಿಮದಷ್ಟೇ ಬಿಳಿದು. ಹೆದರಿದಾಗ ಅವನು ಅಳುವುದಿಲ್ಲ, ನಗಲು ಪ್ರಯತ್ನಿಸುತ್ತಾನೆ. ಪೀಡಿತನಾದ ಬಾಲಕನ ಲಕ್ಷಣವನ್ನು ಬಲ್ಲವರಿಗೆ ಈ ನಗೆಯ ಸತ್ಯ ತಿಳಿಯುವುದು. ಏಲಿಯಾದ ಲೀನಾ ಲೇಯಾಂಡರ್ಸನಳ ಕಣ್ಣುಗಳಲ್ಲಿ ಹನ್ನೆರಡು ವರ್ಷವೂ ಇನ್ನೂರು ವರ್ಷವೂ ಒಟ್ಟಿಗೆ ಕುಳಿತಿವೆ. ಧ್ವನಿಯು ಅವಳದಲ್ಲ, ಇನ್ನೂ ತಗ್ಗಿದ ಕಂಠವು ಬೇಕೆಂದು ಬೇರೊಬ್ಬ ಬಾಲಕಿಯಿಂದ ಮಾತುಗಳನ್ನು ಹೇಳಿಸಿದರು. ಶರೀರವೊಂದು, ಕಂಠವೊಂದು ಆದುದರಿಂದ ಉಂಟಾಗುವ ಸ್ವಲ್ಪ ಅಪರಿಚಿತತ್ವವು ಈ ಪಾತ್ರಕ್ಕೆ ಉಚಿತವೇ ಆಯಿತು.

೫

ಚಿತ್ರದ ಅರ್ಥವು ಬಾಗಿಲುಗಳಲ್ಲಿದೆ. ಹೊಸ್ತಿಲಿನ ನಿಯಮವು ಹಿಂದಿನ ಕಥೆಗಳಲ್ಲಿ ಒಂದು ಸಮಯ ಮಾತ್ರವಾಗಿತ್ತು: ಕರೆದರೆ ಬರುವುದು, ಇಲ್ಲದಿದ್ದರೆ ಇಲ್ಲ. ಕರೆಯದೆ ಬಂದರೆ ಏನಾಗುವುದೆಂದು ಆಸ್ಕರನು ಇಲ್ಲಿ ಕೇಳುತ್ತಾನೆ. ಕೇಳುವಾಗ ಅವನ ದನಿಯಲ್ಲಿ ಸ್ವಲ್ಪ ಕ್ರೌರ್ಯವೂ ಇದೆ. ಏಲಿ ಉತ್ತರ ಕೊಡದೆ ಒಳಕ್ಕೆ ಹೆಜ್ಜೆಯಿಡುತ್ತದೆ. ನಿಂತಂತೆಯೇ ಮೈ ನಡುಗಿ, ಕಣ್ಣಿನಿಂದ, ಕಿವಿಯಿಂದ, ಚರ್ಮದಿಂದ ರಕ್ತ ಒಸರುತ್ತದೆ. ಆಸ್ಕರ್ ಗಾಬರಿಯಿಂದ ಒಳಗೆ ಬರಬಹುದೆಂದು ಕೂಗಿ ಅದನ್ನು ಅಪ್ಪಿಕೊಳ್ಳುತ್ತಾನೆ. ನಂಬಿಕೆಯೆಂದರೆ ಇನ್ನೊಬ್ಬನ ಮುಂದೆ ತನ್ನ ಪ್ರಾಣವನ್ನು ಇಟ್ಟು ಸುಮ್ಮನೆ ನಿಲ್ಲುವುದು ಎಂಬ ಅರ್ಥವು ಒಂದೂ ಮಾತಿಲ್ಲದೆ ಇಲ್ಲಿ ವ್ಯಂಗ್ಯವಾಗಿದೆ. ನಿಯಮವು ಅಲಂಕಾರವಾಗಿ ಉಳಿಯದೆ ಕಥೆಯ ಜೀವವಾಯಿತು.

ಎರಡನೆಯ ಬಾಗಿಲು ಸ್ನಾನದ ಕೋಣೆಯದು. ಲಾಕೆಯು ಚೂರಿ ಹಿಡಿದು, ಹಗಲಿನಲ್ಲಿ ಮಲಗಿರುವ ಏಲಿಯ ಮೇಲೆ ಬಗ್ಗಿದಾಗ ಆಸ್ಕರ್ ಕೂಗಿ ತಡೆಯುತ್ತಾನೆ. ಆ ಕ್ಷಣದಲ್ಲಿ ಏಲಿ ಮೇಲೆ ಹಾಯುತ್ತದೆ. ಆಸ್ಕರ್ ಹಿಂದೆ ಸರಿದು ಬಾಗಿಲನ್ನು ಮುಚ್ಚುತ್ತಾನೆ. ವಿಮರ್ಶೆಯು ನಿಲ್ಲಬೇಕಾದ ಸ್ಥಳ ಇದು. ಲಾಕೆಯು ದುಷ್ಟನಲ್ಲ. ಒಬ್ಬ ಗೆಳೆಯನನ್ನೂ ಒಬ್ಬ ಪ್ರಿಯೆಯನ್ನೂ ಕಳೆದುಕೊಂಡ, ಜಗತ್ತಿನಲ್ಲಿ ಇನ್ನೇನೂ ಉಳಿಯದ ಬಡವ. ನ್ಯಾಯವು ಅವನ ಕಡೆಗಿದೆ. ಆದರೂ ಪ್ರೇಕ್ಷಕನ ಮನಸ್ಸು ಆಸ್ಕರನ ಜತೆಗೆ ಹಿಂದೆ ಸರಿದು, ಅವನ ಜತೆಗೇ ಬಾಗಿಲು ಮುಚ್ಚುತ್ತದೆ. ಸ್ನೇಹದ ಸೌಂದರ್ಯವನ್ನು ಉಣಿಸಿ ಉಣಿಸಿ, ಕಡೆಗೆ ಒಬ್ಬ ನಿರಪರಾಧಿಯ ಕೊಲೆಗೆ ನೋಡುವವನ ಅನುಮತಿಯನ್ನೂ ಪಡೆದುಕೊಂಡ ಈ ಕೆಲಸವನ್ನು ನಿರ್ದೇಶಕನು ತಿಳಿದು ಮಾಡಿದನೋ ತಿಳಿಯದೆಯೋ?

ತಿಳಿದೇ ಮಾಡಿದನೆಂಬುದಕ್ಕೆ ಕೃತಿಯೊಳಗೇ ಸಾಕ್ಷ್ಯವುಂಟು. ಆಸ್ಕರನು ಕೊಲ್ಲಲು ಬಯಸುವುದು ಸೇಡಿಗಾಗಿ, ತಾನು ಕೊಲ್ಲುವುದು ಬೇರೆ ದಾರಿಯಿಲ್ಲದುದರಿಂದ ಎಂಬುದು ಏಲಿಯ ಸಮಾಧಾನ. ಈ ವಾದಕ್ಕೆ ಪ್ರತಿವಾದವಾಗಿ ವರ್ಜೀನಿಯಳ ಪಾತ್ರವು ಬಂದಿದೆ. ಅವಳೂ ರಕ್ತಪಾಯಿಯಾದಳು; ಹಸಿವು ಅವಳಿಗೂ ಹುಟ್ಟಿತು. ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಕಿಟಕಿಯ ಪರದೆಯನ್ನು ತೆರೆಯಿರೆಂದು ಕೇಳಿಕೊಂಡು ಹಗಲಿನ ಬೆಳಕಿನಲ್ಲಿ ಉರಿದುಹೋದಳು. ಬೇರೆ ದಾರಿ ಇತ್ತು; ಆದರೆ ಅದು ಬೆಂಕಿಯ ದಾರಿ. ಮಗುವೊಂದಕ್ಕೆ ಆ ದಾರಿಯನ್ನು ಹಿಡಿಯೆಂದು ಹೇಳುವ ಧೈರ್ಯ ಯಾರಿಗುಂಟು? ಏಲಿಯ ವಾದವನ್ನು ಚಿತ್ರವು ಖಂಡಿಸಿಯೂ ಇದೆ, ಏಲಿಯನ್ನು ಕ್ಷಮಿಸಿಯೂ ಇದೆ. ಈ ಎರಡನ್ನೂ ಒಟ್ಟಿಗೆ ಹೊರಬೇಕಾದ ಭಾರವು ಸಹೃದಯನದು.

ಹಿಮಗಟ್ಟಿದ ಸರೋವರದ ಪ್ರಸಂಗವೂ ಇದನ್ನೇ ದೃಢಪಡಿಸುತ್ತದೆ. ತಿರುಗಿ ಹೊಡೆಯಬೇಕೆಂಬ ಏಲಿಯ ಉಪದೇಶದಂತೆ ಆಸ್ಕರನು ಕಾನಿಯ ಕಿವಿಗೆ ಕೋಲಿನಿಂದ ಬಲವಾಗಿ ಹೊಡೆಯುತ್ತಾನೆ. ಅದೇ ಹೊತ್ತಿಗೆ ಚಿಕ್ಕ ಮಕ್ಕಳ ಕೂಗು ಕೇಳುತ್ತದೆ; ಏಲಿ ಕೊಂದವನ ಹೆಣ ಮಂಜುಗಡ್ಡೆಯೊಳಗೆ ಕಾಣಿಸಿಕೊಂಡಿದೆ. ಎರಡು ಕೂಗುಗಳ ನಡುವೆ ಆಸ್ಕರನ ಮುಖದಲ್ಲಿ ಆನಂದವು ಅರಳುತ್ತದೆ. ಹೊಡೆತ ತಿಂದವನು ಮೊದಲ ಸಲ ಹೊಡೆದಾಗ ಆಗುವ ಆ ಆನಂದವು ನಿಜವಾದದ್ದು. ಅದರ ಪಕ್ಕದಲ್ಲಿಯೇ ಹೆಣವನ್ನು ಇಟ್ಟು ತೋರಿಸಿದ್ದು ಕವಿಯ ವಿವೇಕ. ಚಿತ್ರದ ಆರಂಭದಲ್ಲಿ ಆಸ್ಕರ್ ಕಿಟಕಿಯ ಗಾಜಿನ ಮುಂದೆ ನಿಂತು, ತನ್ನನ್ನು ಹಿಂಸಿಸುವವರ ಮಾತುಗಳನ್ನೇ ತನ್ನ ಬಾಯಲ್ಲಿ ಅಭ್ಯಾಸ ಮಾಡುತ್ತಾನೆಂಬುದನ್ನೂ ಇಲ್ಲಿ ನೆನೆಯಬೇಕು. ಹಿಂಸೆಯು ಕಚ್ಚಿದವನನ್ನು ತನ್ನಂತೆಯೇ ಮಾಡುವುದು. ರಕ್ತಪಾಯಿಯ ನಿಯಮವು ಶಾಲೆಯ ಅಂಗಳಕ್ಕೂ ಅನ್ವಯಿಸುತ್ತದೆ. ಏಲಿ ಬರುವುದಕ್ಕೆ ಮುಂಚೆಯೇ ಆಸ್ಕರನಿಗೆ ಕಚ್ಚು ಬಿದ್ದಿತ್ತು.

೬

ಅಂತ್ಯದ ವಿಷಯದಲ್ಲಿ ವಿವಾದವುಂಟು. ಆಸ್ಕರನು ಇನ್ನು ಮುಂದೆ ಹೋಕನನ ಸ್ಥಾನಕ್ಕೆ ಬರುವನು. ಏಲಿ ಹಾಗೆಯೇ ಹನ್ನೆರಡು ವರ್ಷದ್ದಾಗಿ ಉಳಿಯುವುದು, ಅವನು ಮಾತ್ರ ಮುದುಕನಾಗಿ, ಅದಕ್ಕಾಗಿ ಕೊಂದು, ಕಡೆಗೆ ಕೊರಳೊಡ್ಡುವನು ಎಂದು ಕೆಲವರು ಅರ್ಥಮಾಡಿದರು. ಅಮೆರಿಕದ ಮ್ಯಾಟ್ ರೀವ್ಸ್ ೨೦೧೦ರಲ್ಲಿ ‘ಲೆಟ್ ಮಿ ಇನ್’ ಎಂಬ ಹೆಸರಿನಿಂದ ಇದೇ ಕಥೆಯನ್ನು ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಊರಿಗೆ ಒಯ್ದು ಚಿತ್ರಿಸಿದಾಗ, ರಕ್ತಪಾಯಿಯಾದ ಹುಡುಗಿಯ ಬಳಿ ಒಂದು ಹಳೆಯ ಭಾವಚಿತ್ರವನ್ನು ಇರಿಸಿದನು. ಅದರಲ್ಲಿ ಅವಳ ಪಕ್ಕದಲ್ಲಿ ನಿಂತ ಹುಡುಗನೇ ಈಗಿನ ಮುದುಕ. ಸಂಶಯಕ್ಕೆ ಅಲ್ಲಿ ಎಡೆಯಿಲ್ಲ. ಮೂಲ ಲೇಖಕನಾದ ಲಿಂಡ್‌ಕ್ವಿಸ್ಟನೋ ಇದಕ್ಕೆ ವಿರುದ್ಧ. ಮುಂದೆ ಬರೆದ ಒಂದು ಸಣ್ಣಕಥೆಯಲ್ಲಿ ಆತನು ಆಸ್ಕರನೂ ಏಲಿಯಂತೆಯೇ ಆಗಿ ಇಬ್ಬರೂ ಒಟ್ಟಿಗೆ ಉಳಿದರೆಂಬ ಸೂಚನೆಯನ್ನು ಕೊಟ್ಟನು.

ಆನಂದವರ್ಧನನ ಮಾರ್ಗವನ್ನು ತಿಳಿದವರಿಗೆ ಈ ಎರಡು ಉತ್ತರಗಳೂ ಕೊರತೆಯಾಗಿಯೇ ತೋರುವುವು. ಮೂಲ ಚಿತ್ರದಲ್ಲಿ ಧ್ವನಿಯಾಗಿದ್ದುದನ್ನು ಅಮೆರಿಕದ ಚಿತ್ರವು ಭಾವಚಿತ್ರದ ಮೂಲಕ ವಾಚ್ಯಕ್ಕೆ ಇಳಿಸಿತು. ಸಣ್ಣಕಥೆಯು ಬೇರೊಂದು ದಿಕ್ಕಿನಲ್ಲಿ ವಾಚ್ಯಕ್ಕೆ ಹತ್ತಿರ ತಂದಿತು. ಆಲ್ಫ್ರೆಡ್‌ಸನ್ನನ ಚಿತ್ರದಲ್ಲಿ ಇರುವುದು ಒಂದು ರೈಲು, ಒಂದು ಪೆಟ್ಟಿಗೆ, ಒಂದು ನಗೆ. ಹೋಕನನ ಕೊನೆಯನ್ನು ಕಣ್ಣಾರೆ ನೋಡಿದ ಪ್ರೇಕ್ಷಕನಿಗೆ ಆ ನಗೆಯಲ್ಲಿ ಭಯವು ಕಾಣುವುದು. ಆಸ್ಕರನು ಇದುವರೆಗೆ ಅನುಭವಿಸಿದ್ದನ್ನು ನೋಡಿದ ಅದೇ ಪ್ರೇಕ್ಷಕನಿಗೆ, ಕೊನೆಗೂ ಇವನಿಗೆ ಒಬ್ಬ ಜತೆಗಾರ ದೊರೆತನಲ್ಲಾ ಎಂಬ ನೆಮ್ಮದಿಯೂ ಆಗುವುದು. ಒಂದೇ ನಗೆಯಲ್ಲಿ ಎರಡು ರಸಗಳು ಒಂದನ್ನೊಂದು ಕೊಲ್ಲದೆ ಕುಳಿತಿವೆ. ಮುಂದೇನಾಯಿತೆಂದು ಹೇಳಿದೊಡನೆ ಅವುಗಳಲ್ಲಿ ಒಂದು ಸಾಯುವುದು. ಕೃತಿಯನ್ನು ಬರೆದವನೇ ಆದರೂ ಕೃತಿಯ ಮೌನವನ್ನು ಮುರಿಯುವ ಅಧಿಕಾರವು ಅವನಿಗೆ ಪೂರ್ಣವಾಗಿ ಇಲ್ಲ.

ದೋಷಗಳೂ ಇಲ್ಲದಿಲ್ಲ. ವರ್ಜೀನಿಯಳ ಮೇಲೆ ಬೆಕ್ಕುಗಳು ಎರಗುವ ಪ್ರಸಂಗವು ಯಂತ್ರದಿಂದ ಮಾಡಿದ ಚಿತ್ರವೆಂಬುದು ಒಡನೆಯೇ ಕಣ್ಣಿಗೆ ಬಿದ್ದು ರಸಭಂಗವಾಗುತ್ತದೆ. ದೂರದಿಂದ ಸೂಚಿಸಿ ಬಿಡುವ ತನ್ನ ವ್ರತವನ್ನು ನಿರ್ದೇಶಕನು ಮುರಿದ ಸ್ಥಳ ಅದು. ಕುಡುಕ ಗೆಳೆಯರಲ್ಲಿ ಲಾಕೆ ಒಬ್ಬನನ್ನು ಬಿಟ್ಟರೆ ಉಳಿದವರಿಗೆ ಮುಖವೇ ಮೂಡಿಲ್ಲ. ಈಜುಕೊಳದ ಕೊನೆಯ ಸಂಹಾರದಲ್ಲಿ ಕ್ಯಾಮರವು ಆಸ್ಕರನ ಜತೆಗೆ ನೀರಿನೊಳಗೇ ಉಳಿದು, ಮೇಲಿನ ಘೋರವನ್ನು ಮಸುಕಾದ ಸದ್ದಿನಿಂದಲೂ ಮುಳುಗುವ ತುಂಡುಗಳಿಂದಲೂ ಮಾತ್ರ ತೋರಿಸುವುದು ಕಲೆಗಾರಿಕೆಯ ಪರಾಕಾಷ್ಠೆಯೇನೋ ಹೌದು. ಆದರೆ ಅಲ್ಲಿ ಸತ್ತವರೂ ಬಾಲರೇ ಎಂಬ ಸಂಗತಿಯನ್ನು ಸೌಂದರ್ಯವು ಕೊಂಚ ಬೇಗ ಮುಚ್ಚಿಬಿಡುತ್ತದೆ. ಜೀವಸಹಿತ ಉಳಿದ ಒಬ್ಬ ಹುಡುಗನು ದಡದಲ್ಲಿ ಕುಳಿತು ಅಳುವುದನ್ನು ಕ್ಷಣಮಾತ್ರ ತೋರಿಸಿರುವುದೇ ಅಷ್ಟಕ್ಕೆ ಪರಿಹಾರ. ಅದೇ ೨೦೦೮ರಲ್ಲಿ ಅಮೆರಿಕದಿಂದ ಬಂದ ‘ಟ್ವೈಲೈಟ್’ ಚಿತ್ರವು ರಕ್ತಪಾಯಿಯನ್ನು ಸುಂದರಾಂಗನಾದ ಪ್ರಿಯನನ್ನಾಗಿ ಮಾಡಿ ಅದರ ಹಸಿವನ್ನೇ ಮರೆಸಿಬಿಟ್ಟಿತು. ಆ ಸುಲಭಮಾರ್ಗವನ್ನು ಈ ಚಿತ್ರವು ಹಿಡಿಯಲಿಲ್ಲವೆಂಬುದನ್ನು ನೆನೆದಾಗ ಇಂತಹ ದೋಷಗಳು ಲಘುವಾಗುವುವು.

ಈ ಕಥೆಯಲ್ಲಿ ದೊಡ್ಡವರೆಲ್ಲರೂ ಕಿಟಕಿಯ ಆಚೆಗಿರುವವರು. ತಾಯಿಗೆ ಪ್ರೀತಿಯಿದೆ, ಆದರೆ ಗಾಯದ ಕಾರಣವನ್ನು ಇನ್ನೊಮ್ಮೆ ಕೇಳಲು ಬಿಡುವಿಲ್ಲ. ತಂದೆಯ ಮನೆಯಲ್ಲಿ ಆಸ್ಕರ್ ನಗುತ್ತ ಆಟವಾಡುತ್ತಿರುವಾಗ ನೆರೆಯವನೊಬ್ಬ ಬರುತ್ತಾನೆ, ಮೇಜಿನ ಮೇಲೆ ಸೀಸೆ ಬರುತ್ತದೆ, ಆಟ ನಿಲ್ಲುತ್ತದೆ. ಯಾರೂ ಗದರಿಸಲಿಲ್ಲ, ಆದರೂ ಆ ಬಾಗಿಲು ಮುಚ್ಚಿಹೋಯಿತು. ಈಜುಕೊಳದ ಉಪಾಧ್ಯಾಯನು ಒಳ್ಳೆಯವನು. ಹೊರಗೆ ಹಚ್ಚಿದ ಬೆಂಕಿಯನ್ನು ಆರಿಸಲು ಹೋದವನು, ಒಳಗೆ ಮುಳುಗುತ್ತಿದ್ದ ಬಾಲಕನ ಬಳಿಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಇವರಲ್ಲಿ ಒಬ್ಬರೂ ಕೆಟ್ಟವರಲ್ಲ, ಮತ್ತು ಒಬ್ಬರೂ ಆ ಹುಡುಗನಿಗೆ ದೊರೆಯಲಿಲ್ಲ. ಗೋಡೆಯ ಆಚೆಯಿಂದ ಬೆರಳು ತಟ್ಟಿ ಉತ್ತರ ಕೊಟ್ಟದ್ದು ಒಂದು ರಕ್ತಪಾಯಿ ಮಾತ್ರ. ಹಾಗಿರುವಾಗ ಅವನು ಅದನ್ನು ಒಳಗೆ ಕರೆದದ್ದು ಆಶ್ಚರ್ಯವಲ್ಲ.

ಇದು ಬಾಲರಿಗೆ ತೋರಿಸತಕ್ಕ ಚಿತ್ರವಲ್ಲ. ಬಾಲರನ್ನು ಸಾಕುವವರೂ ಕಲಿಸುವವರೂ ನೋಡತಕ್ಕದ್ದು. ತಕ್ಕವನನ್ನು ಒಳಗೆ ಬಿಡು ಎಂಬ ಉಪದೇಶವು ಶೀರ್ಷಿಕೆಯಲ್ಲಿ ಹುಡುಗನಿಗೆ ಹೇಳಿದಂತಿದೆ; ಚಿತ್ರವು ಮುಗಿದ ಮೇಲೆ, ಅದಕ್ಕೆ ಮೊದಲು ಆ ಬಾಗಿಲನ್ನು ತಟ್ಟಬೇಕಾಗಿದ್ದ ತಕ್ಕವರು ಎಲ್ಲಿ ಹೋಗಿದ್ದರೆಂಬ ಪ್ರಶ್ನೆಯಾಗಿ ಅದು ದೊಡ್ಡವರ ಕಡೆಗೆ ತಿರುಗಿ ನಿಲ್ಲುವುದು.